ಐದು ಹೊಲಿಗೆ

ಕಾಗದ ಬಂದ ದಿನ ಅಜ್ಜಿ ಯಾರದೋ ಪ್ಯಾಂಟಿನ ಎರಡು ಕಾಲನ್ನೂ ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟಳು. ಮೂವತ್ತು ವರ್ಷದಿಂದ ಮಿಷನ್ ತುಳಿದವಳು, ಕೆಲಸ ಕಲಿಯುವಾಗಲೂ ಇಂಥ ಎಡವಟ್ಟು ಮಾಡಿದವಳಲ್ಲ. ಪಕ್ಕದ ಕೋಣೆಯಲ್ಲಿ ಮಗಳು ಕಾಗದ ಓದುತ್ತಿದ್ದಳು. ಅಜ್ಜಿಯ ಕಿವಿ, ಜೀವ ಎಲ್ಲ ಅಲ್ಲಿತ್ತು. ಕಾಲು ಮಾತ್ರ ತನ್ನ ಪಾಡಿಗೆ ತಾನು ತುಳಿಯುತ್ತಿತ್ತು.

ಕಾಗದದಲ್ಲಿದ್ದದ್ದು ಮೂರೇ ಸಾಲು. ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಚಿಕ್ಕ ಮಕ್ಕಳ ಮನಸ್ಸಿನ ತೊಂದರೆ ನೋಡುವವರು ಇದ್ದಾರೆ. ಗಂಟಲಿನ ಡಾಕ್ಟರು ನಿಮ್ಮ ಮಗುವಿನ ಚೀಟಿಯನ್ನು ಅವರಿಗೆ ಕಳಿಸಿದ್ದಾರೆ. ಸೋಮವಾರ ಹತ್ತು ಗಂಟೆಗೆ ಮಗುವಿನ ಜೊತೆ ಮನೆಯವರು ಬರಬೇಕು.

"ಇವರು ರಜ ಹಾಕ್ಬೇಕಾಗತ್ತೆ" ಎಂದಳು ಮಗಳು, ಕಾಗದ ಮಡಿಸುತ್ತ.

ಅಜ್ಜಿಗೆ ಹೋದ ಜೀವ ಬಂದಂತಾಯಿತು. ನಮ್ಮ ಮಾತಿನಲ್ಲಿ ಹೆಂಗಸರು ಗಂಡನ ಹೆಸರೆತ್ತಲು ನಾಚಿ 'ಮನೆಯವರು, ಮನೆಯವರು' ಎಂದು ಕರೆದು ಕರೆದು, ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆ ಎನ್ನುವುದು ಪಾಪ ಆ ಪದಕ್ಕೇ ಮರೆತುಹೋಗಿದೆ. ಮನೆಯವರೆಂದರೆ ಅಳಿಯ. ಹಾಗಾದರೆ ಅಳಿಯನೇ ಹೋಗಲಿ. ಅಳಿಯನಿಗೆ ಗೊತ್ತಿಲ್ಲ, ಗೊತ್ತಿಲ್ಲದವನು ಹೇಳುವುದೇನು? ಅಜ್ಜಿ ಪ್ಯಾಂಟನ್ನು ತೊಡೆಯ ಮೇಲೆ ಹಾಕಿಕೊಂಡು ತಪ್ಪು ಹೊಲಿಗೆ ಬಿಚ್ಚತೊಡಗಿದಳು.

ಅಜ್ಜಿಯ ಭಯ ಏನೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು. ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡದ್ದರಿಂದಲೇ ಈ ಮನೆಯಲ್ಲಿ ಇಷ್ಟೆಲ್ಲ ಆದದ್ದು, ಮತ್ತೆ ಕತೆಯಲ್ಲೂ ಅದೇ ಬೇಡ.

ಮೊಮ್ಮಗಳಿಗೆ ನಾಲ್ಕು ವರ್ಷ. ಮನೆಯಲ್ಲೂ ಬೀದಿಯಲ್ಲೂ ಅವಳನ್ನು ಕರೆಯುತ್ತಿದ್ದದ್ದು ಗಿಣಿ ಎಂದೇ. ಬೆಳಿಗ್ಗೆ ಕಣ್ಣು ಬಿಡುವ ಮೊದಲು ಬಾಯಿ ಬಿಡುತ್ತಿದ್ದ ಹುಡುಗಿ. ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದ ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿ, "ಹೋದ್ಸಲಾನೂ ಇದೇ ಮಾಡಿಸ್ಕೊಂಡ್ರಲ್ಲ, ಇನ್ನೂ ಎಷ್ಟು ದಪ್ಪ ಆಗ್ತೀರಿ?" ಎಂದು ವಿಚಾರಿಸಿಕೊಳ್ಳುತ್ತಿದ್ದವಳು. ಅಂಥ ಗಿಣಿ ನಾಲ್ಕು ತಿಂಗಳಿಂದ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮನೆಯಲ್ಲಿ ಇಲ್ಲ, ಶಿಶುಶಾಲೆಯಲ್ಲಿ ಇಲ್ಲ, ಬಿದ್ದು ಮೊಣಕಾಲು ತರಚಿದಾಗಲೂ ಇಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಬಿಗಿದೇ ಇತ್ತು. ಊಟವೂ ಹಾಗೆಯೇ. ತುಟಿಯ ನಡುವೆ ಒಂದು ಸಣ್ಣ ಸಂದು ಮಾಡಿಕೊಂಡು, ಅದರಲ್ಲಿ ಹಿಡಿಸುವಷ್ಟು ಚೂರು ಮಾಡಿ ತೂರಿಸಿಕೊಳ್ಳುತ್ತಿದ್ದಳು. ನಗು ಬಂದರೆ ಅಂಗೈಯಿಂದ ಬಾಯಿ ಒತ್ತಿ ಹಿಡಿಯುತ್ತಿದ್ದಳು. ಗಂಟಲಿನ ಡಾಕ್ಟರು ಮೂಗಿನಿಂದ ಕೊಳವೆ ಇಳಿಸಿ ನೋಡಿ, ಗಂಟಲು ಗಂಟೆಯ ಹಾಗಿದೆ ಎಂದರು.

ನಾಲ್ಕು ತಿಂಗಳ ಹಿಂದೆ ಮಗಳಿಗೆ ದಿನ ತುಂಬಿತ್ತು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಮಗು ಅಳಲಿಲ್ಲ. ಮಗಳು ಬರಿಗೈಯಲ್ಲಿ ಮನೆಗೆ ಬಂದಳು. ಅವಳು ಬರುವ ಮೊದಲೇ ಅಳಿಯ ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಏರಿಸಿದ್ದ, ಅಜ್ಜಿ ಹೊಲಿದಿಟ್ಟಿದ್ದ ಅಂಗೈಯಗಲದ ಅಂಗಿಗಳನ್ನೂ ಗಂಟು ಕಟ್ಟಿ ಅದರ ಜೊತೆಗೇ ಹಾಕಿದ್ದ. "ಈ ಮನೇಲಿ ಇನ್ನು ಆ ಮಾತು ಬೇಡ. ಅವಳು ತಡ್ಕೊಳಲ್ಲ" ಎಂದಿದ್ದ. ಅಜ್ಜಿ ತಲೆಯಾಡಿಸಿದ್ದಳು. ಮಗಳು ಗೋಡೆಗೆ ಮುಖ ಮಾಡಿ ಮಲಗಿದಳು. ಆ ಮಾತು ಬೇಡ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಅರ್ಥವಾಯಿತು, ಗಿಣಿಗೊಬ್ಬಳಿಗೆ ಬಿಟ್ಟು.

"ಪಾಪು ಎಲ್ಲಿ? ಪಾಪು ಯಾವಾಗ ಬರತ್ತೆ? ಪಾಪು ಆಸ್ಪತ್ರೆಯಲ್ಲೇ ಇರತ್ತಾ?" ಮೂರು ದಿನ ಅರಳು ಹುರಿದ ಹಾಗೆ ಇದೇ. ಅಮ್ಮನ ಮೇಲೆ ಏರಲು ಹೋದರೆ, "ಹುಷಾರು, ಅಮ್ಮಂಗೆ ಹೊಲಿಗೆ ಹಾಕಿದ್ದಾರೆ, ಮೇಲೆ ಬಿದ್ರೆ ಬಿಚ್ಕೊಂಡ್ಬಿಡತ್ತೆ" ಎಂದು ಯಾರಾದರೂ ಎಳೆದು ಆಚೆ ತರುತ್ತಿದ್ದರು. ನೋಡಲು ಬಂದ ಹೆಂಗಸರು ಅಡುಗೆಮನೆಯಲ್ಲಿ ನಿಂತು, "ಅಳ್ಲೇ ಇಲ್ವಂತೆ ಕಣ್ರೀ ಮಗು, ಒಂದ್ ಸದ್ದೂ ಇಲ್ವಂತೆ" ಎಂದು ಪಿಸುಗುಡುತ್ತಿದ್ದರು. ಅವರ ಕಾಲ ಬುಡದಲ್ಲೇ ಗಿಣಿ ಕೂತಿರುತ್ತಿದ್ದಳು. ದೊಡ್ಡವರು ದನಿ ತಗ್ಗಿಸಿದರೆ ಮಕ್ಕಳ ಕಿವಿಯೂ ತಗ್ಗುತ್ತದೆ ಎಂದುಕೊಳ್ಳುವವರೇ ಎಲ್ಲ.

ಮೂರನೆಯ ದಿನ ಮಧ್ಯಾಹ್ನ ಗಿಣಿ ಅಮ್ಮನ ಬಾಗಿಲಲ್ಲಿ ನಿಂತು ಮತ್ತೆ ಪಾಪುವಿನ ರಾಗ ತೆಗೆದಳು. ಒಳಗಿನಿಂದ ಮಗಳು ಬಿಕ್ಕಿದ್ದು ಅಜ್ಜಿಗೆ ಕೇಳಿಸಿತು. ಅಜ್ಜಿ ಹೋಗಿ ಹುಡುಗಿಯನ್ನು ಎತ್ತಿಕೊಂಡು ಬಂದು ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕುಕ್ಕಿದಳು. "ಇನ್ನೊಂದ್ ಸಲ ಪಾಪು ಅಂದ್ರೆ ಬಾಯಿಗೆ ಹೊಲಿಗೆ ಹಾಕಿಬಿಡ್ತೀನಿ ನೋಡು" ಎಂದಳು. ಈ ಮಾತನ್ನು ಯಾವ ಮನೆಯಲ್ಲಿ ಯಾರು ಯಾರಿಗೆ ಹೇಳಿಲ್ಲ? ಗಿಣಿ ಕಿಸಕ್ಕನೆ ನಕ್ಕು, "ಪಾಪು" ಎಂದಳು.

ಆಗ ಅಜ್ಜಿ ಸೂಜಿದಿಂಬಿನಿಂದ ಒಂದು ಸೂಜಿ ಕಿತ್ತಳು. ದಾರವಿಲ್ಲದ ಸೂಜಿ. ಎಡಗೈಯಲ್ಲಿ ಹುಡುಗಿಯ ಗಲ್ಲ ಹಿಡಿದು, ತುಟಿಯಿಂದ ಒಂದು ಗೇಣು ದೂರದಲ್ಲಿ ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ಗಾಳಿಯಲ್ಲೇ ಹೊಲಿದಳು. ಕೊನೆಗೆ ಇಲ್ಲದ ದಾರವನ್ನು ಬೆರಳಿಗೆ ಸುತ್ತಿ, ಗಂಟು ಹಾಕಿ, ಯಾವಾಗಲೂ ಮಾಡುವಂತೆ ಹಲ್ಲಿನಿಂದ ಕಟ್ಟನೆ ಕಡಿದಳು. "ಆಯ್ತು. ಇನ್ನು ಬಾಯಿ ತೆಗ್ಯೋ ಹಾಗಿಲ್ಲ."

ಗಿಣಿಯ ನಗು ಹಾಗೇ ನಿಂತಿತು. ಅಂದಿನಿಂದ ಅವಳು ಬಾಯಿ ತೆಗೆದಿಲ್ಲ.

ಅಜ್ಜಿ ಸುಮ್ಮನಿರಲಿಲ್ಲ. ಮಾರನೆಯ ದಿನವೇ "ತಮಾಷೆ ಕಣೇ, ಹುಚ್ಚಿ" ಎಂದು ಮುದ್ದಿಸಿದಳು, ಬೇಡಿಕೊಂಡಳು, ಒಂದು ಸಲ ಗದರಿಯೂ ಬಿಟ್ಟಳು. ಗಿಣಿ ಮಿಷನ್ ಸದ್ದು ಕೇಳಿದರೆ ಸಾಕು, ಕಾಲು ಕಿತ್ತು ಬಚ್ಚಲಿಗೆ ಓಡುತ್ತಿದ್ದಳು. ಇವತ್ತು ಸರಿಹೋದೀತು, ನಾಳೆ ಸರಿಹೋದೀತು ಎಂದು ಅಜ್ಜಿ ಯಾರಿಗೂ ಬಾಯಿಬಿಡಲಿಲ್ಲ. ಮೊದಲ ದಿನ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ವಾರ ಕಳೆದ ಮೇಲೆ ಅದು ತಪ್ಪಾಯಿತು, ತಿಂಗಳು ಕಳೆದ ಮೇಲೆ ಅಪರಾಧವಾಯಿತು. ಗಂಟಲಿಗೆ ಕೊಳವೆ ಇಳಿಸುವಾಗ ಮಗುವಿನ ಕೈ ಒತ್ತಿ ಹಿಡಿದುಕೊಂಡವಳು ಅವಳೇ. ಆಗಲೂ ಹೇಳಲಿಲ್ಲ. ಇನ್ನು ಹೇಳಿದರೆ ಗತಿಯೇನು? ಅವಳಿರುವುದು ಅಳಿಯನ ಮನೆಯಲ್ಲಿ. ಹೊರಹಾಕುವವನಲ್ಲ ಅವನು, ಅದು ಅವಳಿಗೆ ಗೊತ್ತು. ಆದರೆ ಗಿಣಿಯನ್ನು ಇನ್ನು ಅವಳ ಕೈಗೆ ಕೊಡುವುದಿಲ್ಲ. ಅದೇ ಮನೆಯಲ್ಲಿದ್ದುಕೊಂಡು, ಮಗುವಿಗೆ ತಲೆ ಬಾಚುವ ಹಾಗಿಲ್ಲ, ಸ್ನಾನ ಮಾಡಿಸುವ ಹಾಗಿಲ್ಲ.

ಸೋಮವಾರ ಅಳಿಯ ರಜ ಹಾಕಿ ಗಿಣಿಯನ್ನು ಕರೆದುಕೊಂಡು ಹೋದ. ಬಸ್ ಓಡಿಸುವವನು. ಗಾಡಿಯಲ್ಲಿ ಐವತ್ತು ಜನರ ಗಲಾಟೆ ಕೇಳಿ ಕೇಳಿ ಮನೆಯಲ್ಲಿ ಮಾತು ಕಮ್ಮಿ. ವಾಪಸ್ಸು ಬಂದವನನ್ನು ಅಜ್ಜಿ ಬಾಗಿಲಲ್ಲೇ ಹಿಡಿದಳು.

"ಏನ್ ಕೇಳಿದ್ರು?"

"ಮನೇಲಿ ಏನಾದ್ರೂ ಆಯ್ತಾ ಅಂದ್ರು. ಏನೂ ಇಲ್ಲ ಅಂದೆ."

ಎರಡನೆಯ ಸೋಮವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸೋಮವಾರ ಕೇಂದ್ರಕ್ಕೆ ಬರಬೇಡಿ, ನಾನೇ ಮನೆಗೆ ಬರುತ್ತೇನೆ ಎಂದು ಅಲ್ಲಿನವಳು ಹೇಳಿ ಕಳಿಸಿದಳು.

ಬೀದಿಯಲ್ಲಿ ಅವಳನ್ನು ಕಾಣದವರಿಲ್ಲ. ಹೆಗಲಿಗೆ ತನ್ನಷ್ಟೇ ಭಾರದ ಚೀಲ ಹಾಕಿಕೊಂಡು ಮನೆಯಿಂದ ಮನೆಗೆ ನಡೆಯುವವಳು. ಮಕ್ಕಳು ಇಟ್ಟ ಹೆಸರು ಚೀಲದಕ್ಕ. ಅವಳು ಮೂಲೆ ತಿರುಗಿದ್ದು ಕಿಟಕಿಯಲ್ಲಿ ಕಂಡದ್ದೇ ತಡ, ಅಜ್ಜಿ ಯಾರದೋ ಕಿಟಕಿಯ ಪರದೆಯನ್ನು ಮಿಷನ್ ಮೇಲೆ ಹರವಿ, ತುಂಬಾ ಕೆಲಸವಿರುವವಳ ಹಾಗೆ ಕೂತಳು.

ಚೀಲದಕ್ಕ ಒಳಗೆ ಬಂದವಳೇ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ಔಷಧಿ ಅಂಗಡಿಯ ಕೆಲಸಕ್ಕೆ ಅರ್ಧ ದಿನ ರಜ ಹೇಳಿ ಮಗಳೂ ಮನೆಯಲ್ಲಿದ್ದಳು, ಅಳಿಯನೂ ಇದ್ದ.

"ನಾನು ಕಾಗದದಲ್ಲಿ ಮನೆಯವರು ಬನ್ನಿ ಅಂತ ಬರ್ದೆ" ಎಂದು ಚೀಲದಕ್ಕ ಮಗಳ ಕಡೆ ತಿರುಗಿ ನಕ್ಕಳು. "ಪ್ರತಿ ಸಲ ಇವರೊಬ್ರೇ ಬರ್ತಾರೆ. ಬೇರೆ ಯಾರೂ ಬರಲ್ವಾ ಅಂದ್ರೆ, 'ನೀವು ಕರೆದಿದ್ದು ನನ್ನನ್ನೇ ಅಲ್ವಾ ಮೇಡಂ' ಅಂತಾರೆ! ನಂದೇ ತಪ್ಪು. ಮನೆಯವರು ಅಂದ್ರೆ ಮನೇಲಿರೋರೆಲ್ಲ. ಅದಿರ್ಲಿ, ದಿನವಿಡೀ ಮಗು ಜೊತೆ ಇರೋದು ಯಾರು?"

ಮಗಳೂ ಅಳಿಯನೂ ಒಟ್ಟಿಗೇ ಅಜ್ಜಿಯ ಕಡೆ ನೋಡಿದರು.

"ನಂಗೆ ಈ ಪರದೆ ಇವತ್ತೇ ಕೊಡ್ಬೇಕು" ಎಂದಳು ಅಜ್ಜಿ. "ನೀವು ಮಾತಾಡ್ತಿರಿ."

"ಅಯ್ಯೋ, ಕೆಲ್ಸ ಯಾಕೆ ನಿಲ್ಲಿಸ್ತೀರಿ ಅಜ್ಜಿ? ಹೊಲೀರಿ, ಹೊಲೀತಾನೇ ಮಾತಾಡಿ."

ವಿಧಿಯಿಲ್ಲದೆ ಅಜ್ಜಿ ಪೆಡಲ್ ಒತ್ತಿದಳು. ಮಿಷನ್ ಕಟಕಟ ಎಂದದ್ದೇ, ಅಪ್ಪನ ಮಗ್ಗುಲಲ್ಲಿ ಕೂತಿದ್ದ ಗಿಣಿ ಚಂಗನೆ ಎದ್ದು ಬಚ್ಚಲಿನ ಕಡೆ ಓಡಿದಳು. ಅಜ್ಜಿ ಕಾಲು ತೆಗೆದಳು. ಸದ್ದು ನಿಂತಿತು. ಬಚ್ಚಲ ಬಾಗಿಲ ಸಂದಿನಲ್ಲಿ ಒಂದು ಕಣ್ಣು ಕಾಣಿಸಿತು.

ಚೀಲದಕ್ಕ ಪುಸ್ತಕ ತೆಗೆದು ಏನೋ ಬರೆದಳು. ಅಜ್ಜಿಗೆ ಆ ಪೆನ್ನಿನಷ್ಟು ಭಯಂಕರವಾದದ್ದು ಜಗತ್ತಿನಲ್ಲಿ ಬೇರೆ ಕಾಣಲಿಲ್ಲ. ಬರೆದದ್ದು ಒಂದೇ ಸಾಲು, ಆದರೆ ಏನು ಆ ಸಾಲು? ಕೇಂದ್ರದವರು ಮಕ್ಕಳನ್ನು ಮನೆಯಿಂದ ಕರೆದುಕೊಂಡು ಹೋಗುತ್ತಾರೆ ಎಂದು ಗಿರಾಕಿಯೊಬ್ಬಳು ಹೇಳಿದ್ದಳು. ಸುಳ್ಳಿರಬಹುದು. ಸುಳ್ಳೇ ಇರಬೇಕು. ಆದರೂ ಅಜ್ಜಿಯ ಕಣ್ಣು ಆ ದೊಡ್ಡ ಚೀಲದ ಕಡೆಗೇ ಹೋಯಿತು, ಗಿಣಿಯನ್ನು ಅದರಲ್ಲೇ ತುಂಬಿಕೊಂಡು ಹೋಗುತ್ತಾಳೇನೋ ಎನ್ನುವ ಹಾಗೆ.

"ಅವಳು ನನ್ನ ಹತ್ರಾನೂ ಬರಲ್ಲ" ಎಂದಳು ಮಗಳು ಇದ್ದಕ್ಕಿದ್ದಂತೆ. "ಅಲ್ಲಿ ನಿಂತು ನೋಡ್ತಾಳೆ. ಕೈ ಚಾಚಿದ್ರೆ ಹಿಂದೆ ಸರೀತಾಳೆ. ನನ್ನ ಕಂಡ್ರೆ ಆಗಲ್ಲ ಅವಳಿಗೆ."

"ಹಾಗೆಲ್ಲ ಏನಿಲ್ಲ" ಎಂದ ಅಳಿಯ, ನೆಲ ನೋಡುತ್ತ.

ಚೀಲದಕ್ಕ ಚೀಲದಿಂದ ಒಂದು ಹಳೆಯ ಕ್ಯಾಲೆಂಡರ್ ಹಾಳೆ ತೆಗೆದು, ಹಿಂಬದಿ ಮೇಲೆ ಮಾಡಿ ಹರವಿದಳು. ದಪ್ಪ ಪೆನ್ಸಿಲಿನಲ್ಲಿ ಮನೆಯ ನಕ್ಷೆ ಬರೆದಳು. ಇದು ಮುಂದಿನ ಕೋಣೆ, ಇದು ಮಿಷನ್, ಇದು ಅಮ್ಮ ಮಲಗೋ ಕೋಣೆ, ಇದು ಅಡುಗೆಮನೆ, ಇದು ಬಚ್ಚಲು. "ಅಜ್ಜಿ, ನಿಮ್ಮ ಹತ್ರ ಗುಂಡಿ ಇರ್ಬೇಕಲ್ಲ? ಒಂದಷ್ಟು ಕೊಡಿ. ಪುಟ್ಟೀ, ಬಾ, ಮನೆ ಆಟ ಆಡೋಣ. ಮಿಷನ್ ಓಡಲ್ಲ, ಅಜ್ಜಿ ಕಾಲು ಮೇಲಿಟ್ಕೊಂಡಿದ್ದಾರೆ ನೋಡು."

ಅಜ್ಜಿ ನಿಜವಾಗಿಯೂ ಎರಡು ಕಾಲನ್ನೂ ಸ್ಟೂಲಿನ ಮೇಲೆ ಮಡಿಸಿಟ್ಟುಕೊಂಡಳು. ಗಿಣಿ ಗೋಡೆ ಸವರಿಕೊಂಡು ಬಂದು ಕೂತಳು. ಗುಂಡಿಗಳ ಡಬ್ಬಿಯೆಂದರೆ ಒಂದು ಕಾಲದಲ್ಲಿ ಅವಳ ಆಸ್ತಿ. ಕೋಟಿನ ದಪ್ಪ ಕಪ್ಪು ಗುಂಡಿಯೊಂದನ್ನು ಹೆಕ್ಕಿ ಮುಂಬಾಗಿಲ ಹತ್ತಿರ ಇಟ್ಟಳು.

"ಇದು ಅಪ್ಪ?" ಎಂದಳು ಚೀಲದಕ್ಕ. ಗಿಣಿ ತಲೆಯಾಡಿಸಿದಳು.

ಕೆಂಪು ಗುಂಡಿ ಒಳಕೋಣೆಗೆ ಹೋಯಿತು. ಅದು ಅಮ್ಮ. ಅದರ ಸುತ್ತ ಗಿಣಿ ಬೆರಳಿನಿಂದ ಒಂದು ಗೆರೆ ಎಳೆದಳು, ಯಾರೂ ದಾಟಬಾರದು ಎನ್ನುವಂತೆ. ಹಳದಿ ಗುಂಡಿಯನ್ನು ಬಚ್ಚಲಿನ ಮೂಲೆಗೆ ಇಟ್ಟಳು. ಅದು ತಾನು. ನಾಲ್ಕು ತೂತಿನ ದೊಡ್ಡ ಕಂದು ಗುಂಡಿಯನ್ನು ಮಿಷನ್ನಿನ ಹಿಂದೆ ಇಟ್ಟಳು. ಅದು ಯಾರೆಂದು ಯಾರೂ ಕೇಳಲಿಲ್ಲ.

"ಅಷ್ಟೇನಾ? ಎಲ್ಲಾರೂ ಬಂದ್ರಾ?"

ಗಿಣಿ ಇಲ್ಲವೆಂದು ತಲೆಯಲ್ಲಾಡಿಸಿದಳು. ಡಬ್ಬಿಯ ತಳವನ್ನೆಲ್ಲ ಬಹಳ ಹೊತ್ತು ಕೆದಕಿದಳು. ಕೊನೆಗೆ ಒಂದು ಗುಂಡಿ ತೆಗೆದಳು. ಬೆಳ್ಳಗೆ, ಅಕ್ಕಿಕಾಳಿಗಿಂತ ತುಸು ದೊಡ್ಡದು. ಎಳೆಮಗುವಿನ ಅಂಗಿಗೆಂದು ಅಜ್ಜಿ ಆರಿಸಿ ತಂದಿದ್ದ ಗುಂಡಿಗಳಲ್ಲಿ ಉಳಿದದ್ದು. ಅದನ್ನು ಎಲ್ಲಿಡಲಿ ಎಂದು ಗಿಣಿ ಯೋಚಿಸಲೇ ಇಲ್ಲ. ನೇರವಾಗಿ ತಂದು ಹಾಳೆಯಲ್ಲಿ ಬರೆದಿದ್ದ ಮಿಷನ್ನಿನ ಮೇಲೆ, ಸೂಜಿ ಇಳಿಯುವ ಜಾಗದಲ್ಲಿ ಇಟ್ಟಳು.

ಆ ಗುಂಡಿ ಯಾರೆಂದು ಮನೆಯ ಮೂವರಿಗೂ ತಿಳಿಯಿತು. ಅದು ಅಲ್ಲಿಗೆ ಯಾಕೆ ಬಂತೆಂದು ಯಾರಿಗೂ ತಿಳಿಯಲಿಲ್ಲ. ಅಳಿಯ ನಿಧಾನವಾಗಿ ತಲೆಯೆತ್ತಿ ಅತ್ತೆಯನ್ನು ನೋಡಿದ. ಅಜ್ಜಿಗೆ ಇನ್ನು ಓಡಲು ಜಾಗವಿರಲಿಲ್ಲ. ಬಚ್ಚಲು ಕೂಡ ಗಿಣಿಯದಾಗಿತ್ತು.

"ನಾನೇ" ಎಂದಳು. ದನಿ ಯಾರದೋ ಎಂಬಂತೆ ಕೇಳಿಸಿತು. "ನಾನೇ ಮಾಡಿದ್ದು."

ಎಲ್ಲವನ್ನೂ ಹೇಳಿದಳು. ಸ್ಟೂಲು, ಸೂಜಿ, ಗಾಳಿಯಲ್ಲಿ ಹಾಕಿದ ಹೊಲಿಗೆ, ಹಲ್ಲಲ್ಲಿ ಕಡಿದ ಗಂಟು. ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂದು ಉಸಿರು ತೆಗೆದುಕೊಳ್ಳದೆ ಹೇಳಿದಳು. ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳಿಯ ಎದ್ದು ನಿಂತ.

"ನಾಲ್ಕು ತಿಂಗಳು ಅತ್ತೆ" ಎಂದ. ಅವನು ದನಿ ಏರಿಸಿದ್ದನ್ನು ಅಜ್ಜಿ ಕೇಳಿದ್ದು ಅದೇ ಮೊದಲು. "ನಾಲ್ಕು ತಿಂಗಳು! ಮಗೂ ಮೂಗಿಗೆ ಕೊಳವೆ ಹಾಕಿದ್ರು. ನೀವೇ ಕೈ ಹಿಡ್ಕೊಂಡಿದ್ರಿ. ಹೇಳೋಕೆ ಒಂದ್ ನಿಮಿಷ ಸಿಗ್ಲಿಲ್ವಾ ನಿಮ್ಗೆ?"

ಭಯವಾಯಿತು ಎನ್ನುವುದು ಉತ್ತರವಲ್ಲ. ಭಯ ಆ ಮಗುವಿಗೂ ಆಗಿತ್ತು.

"ಕೋಪ ಬರ್ಲೇಬೇಕು, ಬರ್ಲಿ" ಎಂದಳು ಚೀಲದಕ್ಕ, ಕೂತಲ್ಲಿಂದಲೇ. "ಆದ್ರೆ ಕೂತ್ಕೊಂಡು ಕೋಪ ಮಾಡ್ಕೊಳಿ. ಮಗು ನಿಮ್ಮನ್ನೇ ನೋಡ್ತಿದೆ." ಅಳಿಯ ಗಿಣಿಯ ಮುಖ ನೋಡಿ ಕೂತುಬಿಟ್ಟ. ಚೀಲದಕ್ಕ ಕೇಳಿದಳು: "ಪಾಪು ಅನ್ನೋ ಮಾತೇ ಬೇಡ ಅಂತ ಈ ಮನೇಲಿ ಮೊದ್ಲು ಹೇಳಿದ್ದು ಯಾರು?"

"ನಾನು" ಎಂದ ಅಳಿಯ.

ಚೀಲದಕ್ಕ ಅದನ್ನು ಬರೆದುಕೊಳ್ಳಲಿಲ್ಲ. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. "ಅಜ್ಜಿ, ಹಾಕಿದ ಹೊಲಿಗೆ ಬಿಚ್ಚೋಕೆ ಬರತ್ತಲ್ಲ ನಿಮ್ಗೆ?"

"ತಮಾಷೆ ಅಂತ ನೂರು ಸಲ ಹೇಳ್ದೆನಮ್ಮಾ."

"ಹೊಲಿದಿದ್ದು ಬಾಯ್ಮಾತಲ್ಲಿ ಅಲ್ವಲ್ಲ. ಕೈಯಲ್ಲಿ ಹೊಲಿದ್ರಿ, ಕೈಯಲ್ಲೇ ಬಿಚ್ಚಿ. ಮನೆಯವರೆಲ್ಲ ನೋಡ್ತಿರ್ಲಿ."

ಅಜ್ಜಿ ಸ್ಟೂಲಿನಿಂದ ಇಳಿದಳು. ಅಭ್ಯಾಸಕ್ಕೆ ಕೈ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯ ಕಡೆ ಹೋಯಿತು. ಚೀಲದಕ್ಕ ಬೇಡವೆಂದು ತಲೆಯಾಡಿಸಿದಳು. ಬರಿಗೈಯನ್ನು ಎರಡೂ ಕಡೆ ತಿರುಗಿಸಿ ಗಿಣಿಗೆ ತೋರಿಸಿ ಅಜ್ಜಿ ಅವಳ ಮುಂದೆ ಮಂಡಿಯೂರಿ ಕೂತಳು. ಸೊಂಟ ನೋಯುತ್ತಿತ್ತು. ಆಗದಿದ್ದರೆ? ಇಷ್ಟು ಜನರ ಮುಂದೆ ಇದೂ ಆಗದಿದ್ದರೆ? ಗಿಣಿಯ ಮುಖವನ್ನು ನೇರವಾಗಿ ದಿಟ್ಟಿಸಿ ನೋಡುವ ಧೈರ್ಯ ಅವಳಿಗೆ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ತುಟಿಗಳು ಒಣಗಿ ಸಿಪ್ಪೆಯೆದ್ದಿದ್ದವು.

ಗಿಣಿಯ ತುಟಿಯ ಎಡತುದಿಯನ್ನು ಮುಟ್ಟಹೋದಳು. ಗಿಣಿ ಆ ಕೈಯನ್ನು ಸರಕ್ಕನೆ ತಳ್ಳಿದಳು.

ಮುಗಿಯಿತು ಎಂದುಕೊಂಡಳು ಅಜ್ಜಿ. ಅಷ್ಟರಲ್ಲಿ ಗಿಣಿ ತನ್ನ ಬೆರಳನ್ನು ತುಟಿಯ ಬಲತುದಿಗೆ ಒತ್ತಿ ಹಿಡಿದು ತೋರಿಸಿದಳು. ಗಂಟು ಇದ್ದದ್ದು ಆ ಕಡೆ. ಹಾಕಿದವಳಿಗೆ ಮರೆತಿತ್ತು.

ಅಜ್ಜಿಗೆ ಕಣ್ಣು ಮಂಜಾಯಿತು. ಬಾಗಿ, ಬಲತುದಿಯ ಹತ್ತಿರ ಗಾಳಿಯನ್ನು ಹಲ್ಲಿನಿಂದ ಕಟ್ಟನೆ ಕಡಿದಳು. ಎರಡು ಬೆರಳಲ್ಲಿ ಇಲ್ಲದ ದಾರವನ್ನು ಹಿಡಿದು, ನೋಯಿಸದ ಹಾಗೆ ಮೆಲ್ಲಗೆ ಎಳೆದಳು. ಒಂದು. ಪಕ್ಕದ್ದು, ಎರಡು. ಮೂರು. ನಾಲ್ಕು. ಎಳೆದ ದಾರವನ್ನು ಬೆರಳಿಗೆ ಸುತ್ತಿಕೊಂಡು, ಆಯಿತು ಎಂದು ಕೈ ತೆಗೆದಳು. ಗಿಣಿ ಬಾಯಿ ಬಿಡಲಿಲ್ಲ. ಒಂದು ಬೆರಳೆತ್ತಿ ಅಜ್ಜಿಯ ಕಣ್ಣ ಮುಂದೆ ಹಿಡಿದಳು. ಇನ್ನೂ ಒಂದು ಉಳಿದಿತ್ತು.

ಅಜ್ಜಿ ಐದನೆಯದನ್ನೂ ಬಿಚ್ಚಿದಳು. ಆ ದಾರವನ್ನೆಲ್ಲ ಒಯ್ದು ಚಿಂದಿ ಬುಟ್ಟಿಯಲ್ಲಿ ಉದುರಿಸಿ ಬಂದಳು.

ಗಿಣಿ ತುಟಿಗಳನ್ನು ಬೆರಳಿನಿಂದ ಸವರಿ ನೋಡಿಕೊಂಡಳು. ಒಂದು ಚೂರು ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಏನೂ ಹರಿಯಲಿಲ್ಲ, ರಕ್ತ ಬರಲಿಲ್ಲ. ಒಳಗಿನಿಂದ ಬಂದ ದನಿ ಒರಟಾಗಿತ್ತು, ತುಕ್ಕು ಹಿಡಿದ ಬಾಗಿಲಿನ ಹಾಗೆ.

"ಅಜ್ಜೀ... ಪಾಪು ಬಾಯೂ ನೀನೇ ಹೊಲಿದ್ಯಾ?"

ಅಜ್ಜಿಗೆ ಮೊದಲು ಅರ್ಥವೇ ಆಗಲಿಲ್ಲ.

"ಅದಕ್ಕೇ ಅಳ್ಲಿಲ್ವಾ ಅದು?"

ಆಗ ಎಲ್ಲ ಒಟ್ಟಿಗೇ ಅರ್ಥವಾಯಿತು. ಅಡುಗೆಮನೆಯ ಪಿಸುಮಾತು, ಅಮ್ಮನ ಹೊಟ್ಟೆಯ ಹೊಲಿಗೆ, ಗೆರೆ ಎಳೆದ ಕೆಂಪು ಗುಂಡಿ, ಸೂಜಿಯ ಕೆಳಗಿಟ್ಟ ಬಿಳಿ ಗುಂಡಿ. ಆ ಮಗುವಿನ ಮಟ್ಟಿಗೆ ಈ ಮನೆಯಲ್ಲಿ ಹೊಲಿಯುವವಳು ಒಬ್ಬಳೇ. ಅಮ್ಮನನ್ನು ಹೊಲಿದವಳು, ಪಾಪುವನ್ನು ಹೊಲಿದವಳು, ಕೊನೆಗೆ ತನ್ನನ್ನೂ ಹೊಲಿದವಳು. ನಾಲ್ಕು ತಿಂಗಳು ಗಿಣಿ ಇದೇ ಅಜ್ಜಿಯ ಜೊತೆ ಹಗಲೆಲ್ಲ ಒಂಟಿಯಾಗಿ ಇದ್ದಳು. ತಾನು ಪಟ್ಟ ಭಯವನ್ನೇ ದೊಡ್ಡದೆಂದುಕೊಂಡಿದ್ದ ಅಜ್ಜಿಗೆ ಈಗ ತಲೆ ಎತ್ತಲಾಗಲಿಲ್ಲ.

ಉತ್ತರ ಕೊಟ್ಟದ್ದು ಮಗಳು. ಕುರ್ಚಿಯಿಂದ ಜಾರಿ ನೆಲಕ್ಕೆ ಬಂದಳು.

"ಇಲ್ಲ ಚಿನ್ನ. ಪಾಪು ನನ್ನ ಹೊಟ್ಟೇಲಿದ್ದಾಗ್ಲೇ ಸತ್ತುಹೋಗಿತ್ತು. ಅದಕ್ಕೇ ಅಳ್ಲಿಲ್ಲ. ಅಜ್ಜಿ ಏನೂ ಮಾಡ್ಲಿಲ್ಲ. ಯಾರೂ ಏನೂ ಮಾಡ್ಲಿಲ್ಲ."

ಆ ಮಾತು ಆ ಮನೆಯಲ್ಲಿ ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಮನೆ ಬೀಳಲಿಲ್ಲ. ಅಳಿಯ ಅಂಗೈಯಿಂದ ಕಣ್ಣು ಒತ್ತಿಕೊಂಡ.

"ನಿಂಗೂ ಹಾಕಿದ್ರಲ್ಲ ಹೊಲಿಗೆ?"

"ಅದು ಡಾಕ್ಟ್ರು ಹಾಕಿದ್ದು. ಯಾವಾಗ್ಲೋ ವಾಸಿ ಆಯ್ತು. ಈಗ ನೀನು ಧೊಪ್ಪಂತ ಮೇಲೆ ಬಿದ್ರೂ ಬಿಚ್ಕೊಳಲ್ಲ."

ಗಿಣಿ ಆ ಮಾತನ್ನು ಸ್ವಲ್ಪ ಹೊತ್ತು ತೂಗಿ ನೋಡಿದಳು. ಆಮೇಲೆ ಅಮ್ಮನ ಹೊಟ್ಟೆಯ ಮೇಲೆ ಮೊದಲು ಒಂದು ಬೆರಳಿಟ್ಟಳು, ಆಮೇಲೆ ಕೈ, ಆಮೇಲೆ ತಲೆ. ಮಗಳು ಅವಳನ್ನು ಬಾಚಿ ತಬ್ಬಿಕೊಂಡು ನಾಲ್ಕು ತಿಂಗಳ ಅಳುವನ್ನೆಲ್ಲ ಒಟ್ಟಿಗೇ ಅತ್ತಳು.

ಅಜ್ಜಿ ಬೇರೇನೂ ತೋಚದೆ ಹಾಳೆಯ ಮೇಲಿನ ಗುಂಡಿಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಚೀಲದಕ್ಕ ಮುಂದಿನ ವಾರದ ಚೀಟಿ ಬರೆಯುತ್ತಿದ್ದಳು. ಇದು ಒಂದೇ ದಿನದಲ್ಲಿ ಮುಗಿಯುವುದಿಲ್ಲ, ನಾಳೆ ಮತ್ತೆ ಬಾಯಿ ಮುಚ್ಚಬಹುದು, ಹೆದರಬೇಡಿ, ಇನ್ನೂ ಕೆಲವು ವಾರ ಬರಬೇಕು ಎಂದಳು.

"ಯಾರ್ಬರ್ಬೇಕು?" ಎಂದು ಕೇಳಿದ ಅಳಿಯ.

"ಮನೆಯವರು" ಎಂದಳು ಚೀಲದಕ್ಕ, ತಲೆಯೆತ್ತದೆ.

ಅಳಿಯ ಅತ್ತೆಯನ್ನು ನೋಡಿದ. ನೋಡುತ್ತಲೇ ಇದ್ದ. ಅಜ್ಜಿಯ ಮುಷ್ಟಿಯೊಳಗೆ ಗುಂಡಿಗಳು ಅಂಗೈಗೆ ಒತ್ತುತ್ತಿದ್ದವು. ಈಗ ಹೇಳುತ್ತಾನೆ, ಇನ್ನು ಮಗುವನ್ನು ಮುಟ್ಟಬೇಡಿ ಎನ್ನುತ್ತಾನೆ, ಅನ್ನಲಿ, ಅನ್ನುವ ಹಕ್ಕು ಅವನಿಗಿದೆ ಎಂದುಕೊಂಡು ಕಾದಳು.

"ಸೋಮವಾರ ಬೆಳಿಗ್ಗೆ ಯಾವ ಗಿರಾಕಿಗೂ ಬನ್ನಿ ಅನ್ಬೇಡಿ ಅತ್ತೆ" ಎಂದ ಅಳಿಯ. ಕೋಪ ಇಳಿದಿರಲಿಲ್ಲ, ದನಿಯಲ್ಲಿ ಅದು ಹಾಗೇ ಇತ್ತು. "ನಾವು ಒಂಬತ್ತೂವರೆಗೆ ಹೊರಡ್ಬೇಕು."

ಅಜ್ಜಿ ಏನಾದರೂ ಹೇಳಬೇಕೆಂದು ಹೊರಟಳು. ಆಗಲಿ ಎಂದಾದರೂ ಅನ್ನಬೇಕಿತ್ತು. ತುಟಿ ಅದುರಿತು, ಆದರೆ ಮಾತು ಹೊರಡಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಮತ್ತೆ ಪ್ರಯತ್ನಪಟ್ಟಳು, ಆಗಲಿಲ್ಲ.

ಗಿಣಿ ಅಮ್ಮನ ಮಡಿಲಿಂದ ಎದ್ದು ಬಂದಳು. ಅಜ್ಜಿಯ ಎದುರು ನಿಂತು, ಎಡಗೈಯಲ್ಲಿ ಅವಳ ಗಲ್ಲ ಹಿಡಿದು, ಬಾಯಿಯನ್ನು ಆ ತುದಿಯಿಂದ ಈ ತುದಿಯವರೆಗೆ ಗಮನವಿಟ್ಟು ಪರೀಕ್ಷಿಸಿದಳು.

"ಅಜ್ಜೀ, ನಿಂಗೆ ಗಂಟು ಯಾವ ಕಡೆ?"

ಅಜ್ಜಿ ಬೆರಳೆತ್ತಿ ತೋರಿಸಿದಳು.